ಉಪಗ್ರಹದ ನಕ್ಷೆಗೆ ಬೀಳದ ನಮ್ಮ ಬೀದಿಯ ಹೊಗೆ

ಮಾನ್ಯ ಸಂಪಾದಕರೇ,

ಬಂಡೀಪುರ, ನಾಗರಹೊಳೆ ಕಡೆ ಕಾಳ್ಗಿಚ್ಚು ಬಿದ್ದಾಗ ನೀವು ಸುದ್ದಿಯ ಜೊತೆ ಉಪಗ್ರಹದ ನಕ್ಷೆಯನ್ನೂ ಹಾಕುತ್ತೀರಿ. ಒಳ್ಳೆಯ ಕೆಲಸ. ಆದರೆ ಈಗ ಅದೇ ನಕ್ಷೆಯನ್ನು ಬೆಂಗಳೂರಿನ ಗಾಳಿ ಚೆನ್ನಾಗಿದೆ ಎನ್ನುವುದಕ್ಕೆ ಸಾಕ್ಷಿಯಾಗಿ ತೋರಿಸುತ್ತಿದ್ದಾರೆ. ಮೊನ್ನೆ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲೆ ಸುಡುವ ವಿಷಯ ಎತ್ತಿದೆ. ಒಬ್ಬರು ನಾಸಾದ ನಕ್ಷೆ ಹಾಕಿ, "ಒಂದೂ ಕೆಂಪು ಚುಕ್ಕೆ ಇಲ್ಲ ಮೇಡಂ, ಸುಮ್ನೆ ಯಾಕೆ ಗಾಬರಿ?" ಎಂದರು.

ಆ ಚುಕ್ಕೆ ಬೆಂಕಿಯ ಫೋಟೊ ಅಲ್ಲ. ಒಂದು ಜಾಗದ ಶಾಖ ಸುತ್ತಲಿಗಿಂತ ಬಹಳ ಜಾಸ್ತಿ ಕಂಡರೆ ಕಂಪ್ಯೂಟರ್ ಇಡುವ ಗುರುತು. ಇದಕ್ಕೆ ಹೆಚ್ಚು ಬಳಕೆಯಲ್ಲಿರುವ, ಕೆಲವು ಉಪಗ್ರಹಗಳಲ್ಲಿ ಕೂರಿಸಿರುವ ವಿಐಐಆರ್‌ಎಸ್ ಎಂಬ ಉಪಕರಣ ನೆಲವನ್ನು 375 ಮೀಟರಿನ ಚೌಕಗಳಾಗಿ ನೋಡುತ್ತದೆ. ಗುಡ್ಡಕ್ಕೆ ಹತ್ತಿದ ಬೆಂಕಿ ಅದಕ್ಕೆ ಸಿಗುತ್ತದೆ. ರಸ್ತೆ ಬದಿಯ ಎಲೆ ರಾಶಿ ಎಲ್ಲಿ ಸಿಗಬೇಕು? ಮೇಲಾಗಿ ಆ ಉಪಗ್ರಹಗಳು ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಮತ್ತು ರಾತ್ರಿ ಒಂದೂವರೆಯ ಆಸುಪಾಸು. ನಮ್ಮಲ್ಲಿ ಕಡ್ಡಿ ಗೀರುವುದು ಬೆಳಗಿನ ಜಾವ. ಪಂಜಾಬಿನಲ್ಲೂ ಇದೇ ಕಥೆ. ಮಧ್ಯಾಹ್ನದ ಚುಕ್ಕೆಗಳು ಕಡಿಮೆಯಾದವು ಎಂದು ಎಲ್ಲರೂ ಹೇಳುತ್ತಿದ್ದಾಗ, ಕೂಳೆ ಸುಡುವುದು ಸಂಜೆಯ ಕಡೆಗೆ ಸರಿದಿದೆ ಎಂಬುದನ್ನು 2024ರಲ್ಲಿ ಕೊರಿಯಾದ ಉಪಗ್ರಹದ ಚಿತ್ರಗಳು ತೋರಿಸಿಕೊಟ್ಟವು.

ನಮ್ಮದೇ ಇನ್ಸಾಟ್ ಉಪಗ್ರಹಗಳು ಅರ್ಧ ಗಂಟೆಗೊಮ್ಮೆ ನೋಡುತ್ತವೆ, ನಿಜ. ಆದರೆ ಸುಮಾರು 36,000 ಕಿ.ಮೀ. ಎತ್ತರದಿಂದ. ಶಾಖ ಗುರುತಿಸುವ ಅವುಗಳ ಒಂದು ಚೌಕ 4 ಕಿ.ಮೀ. ಅಗಲ. ಮಲ್ಲೇಶ್ವರವೇ ಅದರೊಳಗೆ ಕೂತುಬಿಡುತ್ತದೆ.

ಉಪಗ್ರಹದಿಂದಲೇ ಮಾಡುವ ಹೊಗೆಯ ನಕ್ಷೆಯದು ಇನ್ನೊಂದು ತೊಡಕು. ಅದು ಲೆಕ್ಕ ಹಾಕುವುದು ನೆಲದಿಂದ ಆಕಾಶದವರೆಗೆ ಇರುವ ಅಷ್ಟೂ ಕಣಗಳನ್ನು, ನಮ್ಮ ಮೂಗಿನ ಮಟ್ಟದ್ದನ್ನಲ್ಲ. 2023ರ ಜೂನ್‌ನಲ್ಲಿ ಕೆನಡಾದ ಕಾಡಿನ ಹೊಗೆ ಅಟ್ಲಾಂಟಿಕ್ ದಾಟಿ ಯುರೋಪಿಗೆ ಬಂದಾಗ ಬಹುಪಾಲು ಮೇಲೇ ತೇಲಿತ್ತು. ನಮ್ಮ ಬೀದಿಯಲ್ಲಿ ಇದರ ಉಲ್ಟಾ. ಫೆಬ್ರುವರಿ ಬಂತೆಂದರೆ ಹೊಂಗೆ, ಮಳೆಮರ ಎಲ್ಲ ಎಲೆ ಉದುರಿಸುತ್ತವೆ. ಗುಡಿಸಿದ ರಾಶಿಯಲ್ಲಿ ಹಾಲಿನ ಕವರ್, ಥರ್ಮಾಕೋಲ್ ಎಲ್ಲ ಸೇರಿರುತ್ತದೆ. ಇಬ್ಬನಿಗೆ ಒದ್ದೆಯಾದ ಎಲೆ ಉರಿಯುವುದೇ ಇಲ್ಲ, ಗಂಟೆಗಟ್ಟಲೆ ಹೊಗೆಯಾಡುತ್ತದೆ. ತಣ್ಣನೆಯ ಗಾಳಿಯಲ್ಲಿ ಹೊಗೆ ಮೇಲೇಳದೆ ಕಾಂಪೌಂಡ್ ಎತ್ತರದಲ್ಲೇ ಹರಡಿಕೊಂಡು ಕಿಟಕಿಯೊಳಗೆ ನುಗ್ಗುತ್ತದೆ. ಅದನ್ನು ಮೊದಲು ಕುಡಿಯುವವರು ಪೊರಕೆ ಹಿಡಿದ ಪೌರಕಾರ್ಮಿಕ ಹೆಣ್ಣುಮಕ್ಕಳು. ಅವರನ್ನು ಬೈದು ಏನು ಪ್ರಯೋಜನ? ಎಲೆ ಒಯ್ಯಲು ಗಾಡಿ ಬರುವುದಿಲ್ಲ. ರಾಶಿ ಬಿಟ್ಟರೆ ಮೇಲಿನವರು ಬೈಯುತ್ತಾರೆ.

ಸೂಕ್ಷ್ಮ ಕಣ, ಅಂದರೆ ಪಿಎಂ 2.5, ದಿನದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ಮೀರಬಾರದು ಎನ್ನುವುದು ನಮ್ಮ ದೇಶದ ಮಿತಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಬರೀ 15. ನಮ್ಮ ವಿದ್ಯಾರಣ್ಯಪುರದ ಹೊಗೆಯನ್ನು ಕಿಲೋಮೀಟರುಗಟ್ಟಲೆ ದೂರದ ಹೆಬ್ಬಾಳದ ಗಾಳಿ ಮಾಪಕ ಹೇಗೆ ಅಳೆದೀತು? ಅಳೆದರೂ ಬೆಳಗಿನ ಎರಡು ಗಂಟೆಯ ವಿಷ ದಿನದ ಸರಾಸರಿಯಲ್ಲಿ ಕರಗಿಹೋಗುತ್ತದೆ.

ಬಯಲಲ್ಲಿ ಕಸ ಸುಡಬಾರದೆಂದು 2016ರ ಘನತ್ಯಾಜ್ಯ ನಿಯಮದಲ್ಲೇ ಹೇಳಿತ್ತು. ಪಾಲಿಕೆಯವರು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಎಲೆಗೆಂದೇ ವಾರಕ್ಕೆರಡು ಸಲ ಗಾಡಿ ಕಳಿಸಲಿ, ಪಾರ್ಕಿನ ಮೂಲೆಯಲ್ಲಿ ಗೊಬ್ಬರದ ಗುಂಡಿ ತೋಡಿಸಲಿ. ಪ್ರತಿ ವಾರ್ಡಿಗೊಂದು ಸಣ್ಣ ಮಾಪಕ ಹಾಕಿ, ಗಂಟೆಗಂಟೆಯ ಅಂಕಿ ಜನರಿಗೆ ಕಾಣುವಂತೆ ಮಾಡಲಿ. ನಿಮ್ಮಲ್ಲೂ ಒಂದು ಕೋರಿಕೆ: ಮುಂದಿನ ಸಲ ಉಪಗ್ರಹದ ನಕ್ಷೆ ಹಾಕುವಾಗ ಅದು ಎಷ್ಟು ಗಂಟೆಯದು, ಎಷ್ಟು ದೊಡ್ಡ ಬೆಂಕಿ ಅದರಲ್ಲಿ ಕಾಣುತ್ತದೆ ಎಂದು ಕೆಳಗೆ ಒಂದು ಸಾಲು ಬರೆಯಿರಿ.

– ನಿವೃತ್ತ ವಿಜ್ಞಾನ ಶಿಕ್ಷಕಿ, ವಿದ್ಯಾರಣ್ಯಪುರ, ಬೆಂಗಳೂರು