ಫ್ಲೇರ್ ಚಿಮಣಿಯ ಎತ್ತರದ ಲೆಕ್ಕ: ಸದಸ್ಯರ ಗಮನಕ್ಕೆ

ಬಳ್ಳಾರಿಯ ನಮ್ಮ ಸುರಕ್ಷತಾ ಅಭ್ಯಾಸ ಗುಂಪಿನ ಎಲ್ಲರಿಗೂ ನಮಸ್ಕಾರ.

ತೈಲ ಸಂಸ್ಕರಣಾಗಾರದ ಫ್ಲೇರ್ ಚಿಮಣಿಯ, ಅಂದರೆ ಬೇಡದ ಅನಿಲವನ್ನು ತುದಿಯಲ್ಲಿ ಸುಡುವ ಕೊಳವೆಯ, ಎತ್ತರದ ಬಗ್ಗೆ ತಾವು ಕಳುಹಿಸಿದ ಲೆಕ್ಕಗಳನ್ನು ನೋಡಿದೆ. ಹೆಚ್ಚಿನವುಗಳಲ್ಲಿ ಜ್ವಾಲೆಯು ನೆಟ್ಟಗೆ ಉರಿಯುತ್ತದೆ ಎಂದೇ ಭಾವಿಸಲಾಗಿದೆ. ಆದರೆ ಗಾಳಿಗೆ ಜ್ವಾಲೆ ವಾಲಿದಾಗ ಅದರ ಮಧ್ಯಬಿಂದು ನೆಲದ ಮೇಲಿರುವವರಿಗೆ ಹತ್ತಿರವಾಗುತ್ತದೆ. ಜ್ವಾಲೆಯ ಶಾಖ ವಿಕಿರಣದ ತೀವ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿರುವುದರಿಂದ, ಆ ದೂರ ಅರ್ಧವಾದರೆ ಮೈಗೆ ತಾಗುವ ಶಾಖ ಸುಮಾರು ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಗಾಳಿಯ ವೇಗವನ್ನು ಬಿಟ್ಟ ಲೆಕ್ಕವನ್ನು ಸುರಕ್ಷಿತವೆಂದು ನಾನು ಒಪ್ಪಲಾರೆ.

ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ ಎಪಿಐ 521 ಮಾನದಂಡದ ಪ್ರಕಾರ, ತಕ್ಕ ಉಡುಪು ತೊಟ್ಟ ಸಿಬ್ಬಂದಿ ಸತತವಾಗಿ ಇರಬಹುದಾದ ಜಾಗದಲ್ಲಿ ವಿಕಿರಣದ ಮಿತಿ ಪ್ರತಿ ಚದರ ಮೀಟರಿಗೆ 1.58 ಕಿಲೋವ್ಯಾಟ್, ಎರಡು–ಮೂರು ನಿಮಿಷಗಳ ತುರ್ತು ಕೆಲಸಕ್ಕೆ 4.73. ನಡು ಮಧ್ಯಾಹ್ನದ ಬಿಸಿಲೊಂದೇ ಸುಮಾರು 1 ಕಿಲೋವ್ಯಾಟ್ ಇರುತ್ತದೆ ಎಂಬುದನ್ನು, ಏಪ್ರಿಲ್‌ನಲ್ಲಿ ನಮ್ಮೂರಿನ ಬಯಲಿನಲ್ಲಿ ಕೆಲಸ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಅದನ್ನು ಸೇರಿಸಿದ್ದೀರೋ ಇಲ್ಲವೋ, ಕಾರಣಸಹಿತ ಬರೆಯಿರಿ.

ಜ್ವಾಲೆ ಆರಿಹೋದರೆ ಸುಡದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ನೆಲಮಟ್ಟದಲ್ಲಿ ಎಷ್ಟು ಸಾಂದ್ರವಾಗುತ್ತದೆ ಎಂಬುದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ, ಶಾಖ ಮತ್ತು ಅನಿಲ ಈ ಎರಡು ಲೆಕ್ಕಗಳಲ್ಲಿ ಬಂದ ಹೆಚ್ಚಿನ ಎತ್ತರವನ್ನೇ ಆರಿಸಿಕೊಳ್ಳಿ. ತಿದ್ದಿದ ಲೆಕ್ಕಗಳನ್ನು ಶನಿವಾರ ಸಂಜೆಯೊಳಗೆ ಇಲ್ಲಿಯೇ ಹಾಕಬೇಕೆಂದು ಕೋರುತ್ತೇನೆ.