ಚಾಳಿನ ಹುಡುಗನಿಗೂ ಡಿಸ್ಲೆಕ್ಸಿಯಾ ಇರಬಹುದು

ಮಾನ್ಯ ಸಂಪಾದಕರೇ,

ಹತ್ತನೇ ಕ್ಲಾಸಿನ ರಿಸಲ್ಟ್ ಬಂತೆಂದರೆ ಮುಂಬಯಿಯ ನಮ್ಮ ಕನ್ನಡ ಸಂಘಗಳಲ್ಲಿ ಪ್ರತಿಭಾ ಪುರಸ್ಕಾರದ ಸಡಗರ. ನಿಮ್ಮ ಪತ್ರಿಕೆಯಲ್ಲೂ ಫೋಟೊ ಬರುತ್ತವೆ. ಸಂತೋಷವೇ. ನಾನು ಬರೆಯುತ್ತಿರುವುದು ಆ ವೇದಿಕೆಯ ಹತ್ತಿರಕ್ಕೂ ಬರಲಾಗದ ಒಬ್ಬ ಹುಡುಗನ ವಿಷಯ.

ನಾನು ಕನ್ನಡ ಮಾಧ್ಯಮದಲ್ಲಿ ಕಲಿಸಿ ನಿವೃತ್ತಳಾದವಳು. ಈಗ ಧಾರಾವಿಯ ಒಂದು ಚಾಳಿನಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳುತ್ತೇನೆ. ಈ ಹುಡುಗನಿಗೆ ಹನ್ನೆರಡು ವರ್ಷ. ಅಪ್ಪ ವಿಜಯಪುರದ ಕಡೆಯವರು, ಗಾರೆ ಕೆಲಸ. ಕತೆ ಓದಿ ಹೇಳಿದರೆ ಮರುದಿನ ಒಂದು ಮಾತೂ ಬಿಡದೆ ತಿರುಗಿ ಹೇಳುತ್ತಾನೆ. ಅಪ್ಪನ ವಾರದ ಕೂಲಿ, ಅಂಗಡಿಯ ಉದ್ರಿ ಎಲ್ಲ ಬಾಯಿಲೆಕ್ಕ. ಪುಸ್ತಕ ತೆರೆದರೆ ಮಾತ್ರ ಮುಖ ಬಾಡುತ್ತದೆ. ‘ಮರ’ವನ್ನು ‘ವರ’ ಎಂದು ಓದುತ್ತಾನೆ. ‘ಕನ್ನಡ’ ಬರೆ ಅಂದರೆ ‘ಕನಡ’. ತನ್ನ ಹೆಸರಿನ ಒತ್ತಕ್ಷರವನ್ನೂ ಬಿಡುತ್ತಾನೆ. ಬರೆದದ್ದನ್ನು ಅಂಗೈಯಿಂದ ಮುಚ್ಚಿಕೊಂಡು ಕೂರುತ್ತಾನೆ.

1896ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಪ್ರಿಂಗಲ್ ಮಾರ್ಗನ್ ಇಂಥದೇ ಒಬ್ಬ ಹುಡುಗನ ಬಗ್ಗೆ ಬರೆದಿದ್ದರು. ಪರ್ಸಿ ಅಂತ ಹೆಸರು, ಹದಿನಾಲ್ಕು ವರ್ಷ. ತನ್ನ ಹೆಸರಿನ ಅಕ್ಷರಗಳನ್ನೇ ಅದಲುಬದಲು ಮಾಡುತ್ತಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಇಡೀ ಶಾಲೆಗೆ ಇವನೇ ಜಾಣ ಎಂದು ಅವನ ಮೇಷ್ಟ್ರು ಹೇಳಿದ್ದರು. ನಮ್ಮ ಹುಡುಗನಿಗೆ ಶಾಲೆಯಲ್ಲಿ ಸಿಕ್ಕ ಮಾತೇ ಬೇರೆ. “ನಿಮ್ಮ ಕಡೆಯ ಕನ್ನಡವೇ ಹೀಗೆ.” “ಮನೆಯಲ್ಲಿ ಓದಿದವರಿಲ್ಲ, ಇವನಿಗೆಲ್ಲಿಂದ ಬರುತ್ತೆ?” ಕೊನೆಗೆ, “ಸುಮ್ನೆ ಗ್ಯಾರೇಜಿಗೆ ಹಾಕಿ.”

ನಮ್ಮ ಬಿಲ್ಡಿಂಗಿನಲ್ಲೂ ಇದೇ ತೊಡಕಿನ ಒಬ್ಬ ಹುಡುಗನಿದ್ದ. ಇಂಗ್ಲಿಷ್ ಮಾಧ್ಯಮ, ಅಪ್ಪ ಅಮ್ಮ ಇಬ್ಬರೂ ಆಫೀಸಿಗೆ ಹೋಗುವವರು. ಎಂಟನೇ ವಯಸ್ಸಿಗೇ ಪರೀಕ್ಷೆ ಮಾಡಿಸಿದರು. ಬೋರ್ಡ್ ಪರೀಕ್ಷೆಯಲ್ಲಿ ಜಾಸ್ತಿ ಸಮಯ ಸಿಕ್ಕಿತು, ಈಗ ಕಾಲೇಜಿನಲ್ಲಿದ್ದಾನೆ. ಅವನ ಕಷ್ಟಕ್ಕೆ ಡಿಸ್ಲೆಕ್ಸಿಯಾ ಎಂಬ ಹೆಸರು ಸಿಕ್ಕಿತು. ಇವನಿಗೆ ಸಿಕ್ಕಿದ್ದು ದಡ್ಡ ಎಂಬ ಹೆಸರು.

ನಾನೂ ಎಷ್ಟೋ ಮಕ್ಕಳ ಪ್ರಗತಿ ಪತ್ರದಲ್ಲಿ ‘ಗಮನ ಸಾಲದು’ ಎಂದು ಬರೆದಿದ್ದೇನೆ. ಈಗ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಡಿಸ್ಲೆಕ್ಸಿಯಾ ಎಂದರೆ ಮಾತಿನ ಸದ್ದನ್ನು ಅಕ್ಷರಕ್ಕೆ ಜೋಡಿಸುವಲ್ಲಿ ಆಗುವ ತೊಡಕು. ಬುದ್ಧಿಗೂ ಜಾತಿಗೂ ಇದಕ್ಕೂ ಸಂಬಂಧವಿಲ್ಲ. ಬಡತನದಿಂದಲೂ ಓದು ಹಿಂದೆ ಬೀಳುತ್ತದೆ, ನಿಜ. ಆದರೆ ಎಲ್ಲವನ್ನೂ ಬಡತನದ ಲೆಕ್ಕಕ್ಕೆ ಬರೆದರೆ ಬಡ ಮಗುವಿನ ಡಿಸ್ಲೆಕ್ಸಿಯಾ ಯಾರ ಕಣ್ಣಿಗೂ ಬೀಳುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ಈ ತೊಡಕೂ ಸೇರಿದೆ. ಆದಷ್ಟು ಬೇಗ ಗುರುತಿಸಿ, ತಕ್ಕಂತೆ ಕಲಿಸಬೇಕು ಎಂದು ಶಾಲೆಗಳಿಗೆ ಅದು ಹೇಳುತ್ತದೆ. ಗ್ಯಾರೇಜಿನ ಮಾತು ಅಲ್ಲೆಲ್ಲೂ ಇಲ್ಲ.

ನಮಗೆ ಎದುರಾಗಿರುವ ಕಷ್ಟ ಭಾಷೆಯದು. ಕನ್ನಡದಲ್ಲಿ ಪರೀಕ್ಷೆ ಮಾಡುವವರು ಇಲ್ಲಿ ಇನ್ನೂ ಸಿಕ್ಕಿಲ್ಲ. ಇಂಗ್ಲಿಷಿನಲ್ಲಿ ಪರೀಕ್ಷಿಸಿದರೆ, ಹುಡುಗನಿಗೆ ಭಾಷೆ ಬರುವುದಿಲ್ಲವೋ, ಓದಲು ಆಗುವುದಿಲ್ಲವೋ ಹೇಗೆ ಗೊತ್ತಾಗಬೇಕು? ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ ಎಂಬ ಪರೀಕ್ಷೆ ಹಿಂದಿ, ಮರಾಠಿ, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಇದೆ. ಶಿಕ್ಷಕರೇ ಬಳಸಬಹುದಾದ ಭಾಗವೂ ಅದರಲ್ಲಿದೆ. ನಮ್ಮ ಸಂಘಗಳು ಈ ಸಲ ಹಾರ ಶಾಲಿನ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ಮಹಾನಗರ ಪಾಲಿಕೆಯ ಕನ್ನಡ ಶಾಲೆಗಳ ಶಿಕ್ಷಕರಿಗೆ ಇದರ ತರಬೇತಿ ಕೊಡಿಸಬಹುದಲ್ವಾ? ಮಗುವನ್ನು ಪರೀಕ್ಷೆಗೆಂದು ಆಸ್ಪತ್ರೆಗೆ ಕರೆದೊಯ್ದ ದಿನ ತಾಯಿಗೆ ತಪ್ಪುವ ಕೂಲಿಯನ್ನಾದರೂ ಕೊಡಬಹುದು.

ಬರುವ ಸೋಮವಾರ ಹುಡುಗನ ಅಮ್ಮ ಮನೆಗೆಲಸಕ್ಕೆ ರಜೆ ಹಾಕಿ ಅವನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾರೆ. ನಾನೂ ಜೊತೆಗೆ ಹೋಗುತ್ತೇನೆ. ಕನ್ನಡದಲ್ಲಿ ಪರೀಕ್ಷೆ ಮಾಡಬಲ್ಲ ಮನಶ್ಶಾಸ್ತ್ರಜ್ಞರು ಮುಂಬಯಿಯಲ್ಲಿದ್ದರೆ ದಯವಿಟ್ಟು ಪತ್ರಿಕೆಯ ಮೂಲಕ ತಿಳಿಸಿ.

– ನಿವೃತ್ತ ಶಿಕ್ಷಕಿ, ಸಾಯನ್, ಮುಂಬಯಿ