ಗರ್ಭಿಣಿ ವಲಸಿಗರಿಗೆ ಹೆರಿಗೆಯ ದಿನದ ನೆರವಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಅಮೆರಿಕದ ವಲಸೆ ನೀತಿಯನ್ನು ಕುರಿತು ತಮ್ಮ ವಾಚಕರ ವಿಭಾಗದಲ್ಲಿ ಈಚೆಗೆ ನಡೆದ ಚರ್ಚೆಯಲ್ಲಿ, ಹೊರಗಿನಿಂದ ಬಂದ ಹೆಂಗಸರ ಹೆರಿಗೆಯ ಖರ್ಚನ್ನು ಅಲ್ಲಿನ ತೆರಿಗೆದಾರರು ಏಕೆ ಹೊರಬೇಕು ಎಂದು ಓದುಗರೊಬ್ಬರು ಕೇಳಿದ್ದರು. ಪ್ರಶ್ನೆ ಅನ್ಯಾಯದ್ದೇನೂ ಅಲ್ಲ. ಆದರೆ ಆ ಖರ್ಚಿನ ದೊಡ್ಡ ಪಾಲನ್ನು ತೆರಿಗೆದಾರರು ಈಗಾಗಲೇ ಹೊರುತ್ತಿದ್ದಾರೆ, ಅದನ್ನೂ ತೀರ ತಡವಾಗಿ ಹೊರುತ್ತಿದ್ದಾರೆ ಎಂಬ ಸಂಗತಿ ಚರ್ಚೆಯಲ್ಲಿ ಬರಲೇ ಇಲ್ಲ. ಟೆಕ್ಸಾಸಿನಲ್ಲಿ ನೆಲೆಸಿ, ಭಾರತದಿಂದ ಬಂದ ಗರ್ಭಿಣಿಯರಿಗೆ ಅರ್ಜಿ ತುಂಬಲು ಬಿಡುವಿನ ವೇಳೆಯಲ್ಲಿ ನೆರವಾಗುತ್ತಿರುವವಳಾಗಿ ಈ ಕುರಿತು ಬರೆಯುತ್ತಿದ್ದೇನೆ.

ಹೆರಿಗೆ ನೋವಿನಲ್ಲಿ ಬಂದ ಹೆಂಗಸನ್ನು, ಅವಳ ಕೈಯಲ್ಲಿ ಹಣವಿರಲಿ ಇಲ್ಲದಿರಲಿ, ಕಾಗದಪತ್ರ ಇರಲಿ ಇಲ್ಲದಿರಲಿ, ತುರ್ತು ಚಿಕಿತ್ಸಾ ವಿಭಾಗವಿರುವ ಬಹುತೇಕ ಎಲ್ಲ ಆಸ್ಪತ್ರೆಗಳೂ ಪರೀಕ್ಷಿಸಿ ಆರೈಕೆ ಮಾಡಲೇಬೇಕೆಂದು 1986ರ ಕೇಂದ್ರ ಕಾನೂನು ವಿಧಿಸಿದೆ. ಅವಳು ಬಡವಳಾಗಿದ್ದು, ವಲಸೆಯ ಸ್ಥಿತಿಯೊಂದೇ ಬಡವರಿಗಾಗಿರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್ ಪಡೆಯಲು ಅಡ್ಡಿಯಾಗಿದ್ದರೆ, ಹೆರಿಗೆಯ ವೆಚ್ಚವನ್ನು ‘ತುರ್ತು ಮೆಡಿಕೇಡ್’ ಭರಿಸುತ್ತದೆ. ಅಂದರೆ ಸಾರ್ವಜನಿಕ ಹಣ ಹೆರಿಗೆಯ ದಿನ ಹೇಗೂ ಖರ್ಚಾಗುತ್ತದೆ. ಆ ಹಣ ತಲುಪದಿರುವುದು ಅದಕ್ಕೆ ಮೊದಲಿನ ಒಂಬತ್ತು ತಿಂಗಳಿಗೆ ಮತ್ತು ನಂತರದ ಬಾಣಂತನದ ಕಾಲಕ್ಕೆ. ನಿಜವಾಗಿ ಜೀವ ಉಳಿಯುವುದು, ಹಣ ಉಳಿಯುವುದು ಎರಡೂ ಆ ತಿಂಗಳುಗಳಲ್ಲೇ.

ಗರ್ಭಾವಸ್ಥೆಯ ಮಧುಮೇಹವನ್ನು 24ರಿಂದ 28ನೇ ವಾರದ ನಡುವೆ ಒಂದು ಸಾಮಾನ್ಯ ರಕ್ತಪರೀಕ್ಷೆಯಿಂದ ಪತ್ತೆ ಮಾಡಬಹುದು; ದಕ್ಷಿಣ ಏಷ್ಯಾದ ಹೆಂಗಸರಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆಂಬುದು ನಮ್ಮವರು ಗಮನಿಸಬೇಕಾದ ವಿಷಯ. ಆರ್‌ಎಚ್ ನೆಗೆಟಿವ್ ರಕ್ತದ ಗುಂಪಿನ ತಾಯಿಗೆ 28ನೇ ವಾರದ ಹೊತ್ತಿಗೆ ಕೊಡುವ ಚುಚ್ಚುಮದ್ದು ಮುಂದಿನ ಬಸಿರನ್ನೂ ಕಾಪಾಡುತ್ತದೆ. ಪ್ರಿಎಕ್ಲಾಂಪ್ಸಿಯಾ ಎಂಬ, ರಕ್ತದೊತ್ತಡ ಏರಿ ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು ತರುವ ತೊಂದರೆ ಹಲವು ಸಲ ಯಾವ ಸೂಚನೆಯನ್ನೂ ಕೊಡದೆ ಬರುವುದರಿಂದ, ಪ್ರತಿ ಭೇಟಿಯಲ್ಲೂ ಒತ್ತಡ ಅಳೆಯುವುದೇ ಅದನ್ನು ಹಿಡಿಯುವ ದಾರಿ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಯಂತ್ರ ಬೇಕಿಲ್ಲ. ಇವು ತಪ್ಪಿ, ದಿನ ತುಂಬುವ ಮೊದಲೇ ಹುಟ್ಟಿದ ಮಗು ವಾರಗಟ್ಟಲೆ ತೀವ್ರ ನಿಗಾ ಘಟಕದಲ್ಲಿ ಉಳಿದಾಗ ಬರುವ ಬಿಲ್ಲಿನ ಮುಂದೆ ತಪಾಸಣೆಗಳ ಒಟ್ಟು ವೆಚ್ಚ ಲೆಕ್ಕಕ್ಕೇ ಬಾರದು.

ಈ ಸ್ಥಿತಿ ತಾನಾಗಿ ಬಂದದ್ದಲ್ಲ. ಕಾನೂನಿನ ಪ್ರಕಾರವೇ ಬಂದು ಗ್ರೀನ್ ಕಾರ್ಡ್ ಪಡೆದವರು ಸಹ ಮೆಡಿಕೇಡ್‌ಗೆ ಸಾಮಾನ್ಯವಾಗಿ ಐದು ವರ್ಷ ಕಾಯಬೇಕೆಂದು ಕ್ಲಿಂಟನ್ ಸಹಿ ಹಾಕಿದ 1996ರ ಕಾಯ್ದೆ ಗೊತ್ತುಪಡಿಸಿತು. ಬಸಿರು ಐದು ವರ್ಷ ಕಾಯುವುದಿಲ್ಲವೆಂಬುದು ಸಂಸತ್ತಿಗೆ ಹೊಳೆದದ್ದು 2009ರಲ್ಲಿ. ಕಾನೂನುಬದ್ಧವಾಗಿ ನೆಲೆಸಿರುವ ಗರ್ಭಿಣಿಯರಿಗೂ ಮಕ್ಕಳಿಗೂ ಈ ಅವಧಿಯನ್ನು ಮನ್ನಾ ಮಾಡಲು ಆ ವರ್ಷದ ಕಾಯ್ದೆ ರಾಜ್ಯಗಳಿಗೆ ಅವಕಾಶ ಕೊಟ್ಟಿತು. ಗರ್ಭಿಣಿಯರ ವಿಷಯದಲ್ಲಿ ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಅದನ್ನು ಬಳಸಿಕೊಂಡಿವೆ, ಎಲ್ಲವೂ ಅಲ್ಲ. ಇದಕ್ಕೂ ಮೊದಲು, 2002ರಲ್ಲಿ, ಬುಷ್ ಆಡಳಿತ ಇನ್ನೊಂದು ದಾರಿ ತೆರೆದಿತ್ತು. ಗರ್ಭದಲ್ಲಿರುವ ಶಿಶುವನ್ನೇ ಮಕ್ಕಳ ಆರೋಗ್ಯ ವಿಮೆಯ ಫಲಾನುಭವಿಯೆಂದು ಪರಿಗಣಿಸಿ, ತಾಯಿಯ ವಲಸೆಯ ಸ್ಥಿತಿಯನ್ನು ಕೇಳದೆ ತಪಾಸಣೆ ಒದಗಿಸಬಹುದೆಂದು ಅದು ನಿಯಮ ಮಾಡಿತು. ಈ ತರ್ಕದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಎಷ್ಟೋ ಹೆಂಗಸರಿಗೆ ವೈದ್ಯರ ಬಾಗಿಲು ತೆರೆದದ್ದು ಇದರಿಂದಲೇ. ಆದರೆ ಫಲಾನುಭವಿ ಶಿಶುವಾದ್ದರಿಂದ ಅದು ಹುಟ್ಟಿದ ಮೇಲೆ ತಾಯಿ ಬಹುಮಟ್ಟಿಗೆ ಲೆಕ್ಕದಿಂದ ಹೊರಬೀಳುತ್ತಾಳೆ. ಹೆರಿಗೆಯ ನಂತರ ಒಂದು ವರ್ಷ ಮೆಡಿಕೇಡ್ ಮುಂದುವರಿಸುವ ಅವಕಾಶವನ್ನು 2021ರ ಕಾಯ್ದೆ ರಾಜ್ಯಗಳಿಗೆ ಕೊಟ್ಟು, ಬಹುತೇಕ ಎಲ್ಲ ರಾಜ್ಯಗಳೂ ಅದನ್ನು ಒಪ್ಪಿದ ಮೇಲೂ ಈ ತಾಯಂದಿರಿಗೆ ಅದು ತಾನಾಗಿ ಅನ್ವಯಿಸುವುದಿಲ್ಲ. ಗರ್ಭಕ್ಕೆ ಸಂಬಂಧಿಸಿದ ಸಾವುಗಳಲ್ಲಿ ಶೇಕಡ 80ಕ್ಕಿಂತ ಹೆಚ್ಚಿನವು ತಡೆಯಬಹುದಾದವು, ಇಂಥ ಒಟ್ಟು ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆರಿಗೆಯಾಗಿ ಒಂದು ವಾರದಿಂದ ಒಂದು ವರ್ಷದೊಳಗೆ ಸಂಭವಿಸುತ್ತವೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ಹೇಳಿರುವಾಗ, ಈ ಕೊರತೆಯನ್ನು ಸಣ್ಣದೆಂದು ಬದಿಗಿಡಲಾಗದು.

ವಿಸ್ತರಣೆಯಿಂದ ಏನಾಗುತ್ತದೆಂಬುದನ್ನು ಊಹಿಸಬೇಕಾಗಿಲ್ಲ. ಆರೆಗಾನ್ ರಾಜ್ಯ 2008ರಲ್ಲಿ ಕೆಲವೇ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥ ಆಡಳಿತ ವಿಭಾಗಗಳಲ್ಲಿ) ಆರಂಭಿಸಿ 2013ರ ಹೊತ್ತಿಗೆ ರಾಜ್ಯದುದ್ದಕ್ಕೂ, ದಾಖಲೆಗಳಿಲ್ಲದ ಗರ್ಭಿಣಿಯರಿಗೂ ತಪಾಸಣೆಯ ಸೌಲಭ್ಯ ಕೊಟ್ಟಿತು. ಕೌಂಟಿಗಳು ಒಂದೊಂದಾಗಿ ಸೇರಿದ್ದರಿಂದ ಮೊದಲಿಗೂ ನಂತರಕ್ಕೂ ಹೋಲಿಸುವುದು ಸಂಶೋಧಕರಿಗೆ ಸಾಧ್ಯವಾಯಿತು. ವೈದ್ಯರ ಭೇಟಿ, ಮಧುಮೇಹ ಪರೀಕ್ಷೆ, ಸ್ಕ್ಯಾನಿಂಗ್ ಗಣನೀಯವಾಗಿ ಹೆಚ್ಚಿದವು, ಶಿಶುಮರಣ ಇಳಿಯಿತು. ಇನ್ನು ವಲಸಿಗರ ಬಗ್ಗೆ ಮೃದು ಧೋರಣೆಯೆಂದು ಯಾರೂ ದೂರಲಾಗದ ಟೆಕ್ಸಾಸ್ ಸಹ 2007ರಿಂದ ಗರ್ಭಸ್ಥ ಶಿಶುವಿನ ಹೆಸರಿನ ಯೋಜನೆಯನ್ನು ನಡೆಸುತ್ತಿದೆ. ಹೆರಿಗೆಯ ನಂತರ ಅದು ಕೊಡುವುದು ಎರಡು ಭೇಟಿಗಳನ್ನು ಮಾತ್ರ ಎಂಬುದು ನನ್ನ ತಕರಾರು.

ಸೌಲಭ್ಯ ಕೊಟ್ಟರೆ ಜನ ಅದಕ್ಕಾಗಿಯೇ ಬರುತ್ತಾರೆ ಎಂಬ ಮಾತಿದೆ. ನಾನು ಕಂಡ ಹೆಂಗಸರು ಗಂಡನ ಕೆಲಸಕ್ಕಾಗಿ, ಓದಿಗಾಗಿ ಬಂದವರು. ಬಸಿರಾದ ಮೇಲೆ ವಿಮೆಯ ಚಿಂತೆ ಹತ್ತಿಕೊಂಡವರು. ರಾಜ್ಯಗಳ ಬೊಕ್ಕಸದ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಕಷ್ಟದಿಂದ 2026ರ ಜನವರಿಯಿಂದ ದಾಖಲೆಗಳಿಲ್ಲದ ವಯಸ್ಕರ ಹೊಸ ನೋಂದಣಿಯನ್ನು ನಿಲ್ಲಿಸಲು ನಿರ್ಧರಿಸಿದ ಕ್ಯಾಲಿಫೋರ್ನಿಯಾ, ಗರ್ಭಿಣಿಯರಿಗೆ ವಿನಾಯಿತಿ ಉಳಿಸಿತು. ಕಡಿತಕ್ಕೆ ಕೈಹಾಕಿದವರೇ ಇಲ್ಲಿ ಕಡಿಯಬಾರದೆಂದು ಕಂಡುಕೊಂಡರು.

ಕನ್ನಡಿಗರಲ್ಲಿ ಬಹುಪಾಲು ಕುಟುಂಬಗಳಿಗೆ ಕಂಪನಿಯ ವಿಮೆಯಿದೆ, ನಿಜ. ಆದರೆ ಗಂಡನ ಕೆಲಸ ಹೋದ ದಿನದಿಂದ ಎಚ್-1ಬಿ ಕೆಲಸದ ವೀಸಾದ ಕುಟುಂಬಕ್ಕೆ ಬೇರೆ ಕೆಲಸ ಹುಡುಕಲು ಇಲ್ಲವೇ ದೇಶ ಬಿಡಲು ಸಾಮಾನ್ಯವಾಗಿ ಸಿಗುವುದು ಹೆಚ್ಚೆಂದರೆ 60 ದಿನಗಳ ಕಾಲಾವಕಾಶ. ಆರು ತಿಂಗಳ ಬಸುರಿಗೆ ಆಗ ವಿಮಾನವೂ ಕಷ್ಟ, ಸ್ವಂತ ಹಣದಿಂದ ವಿಮೆ ಮುಂದುವರಿಸುವುದೂ ಕಷ್ಟ. ಅರ್ಹತೆ ಇದ್ದವರೂ ಅರ್ಜಿ ಹಾಕಲು ಹೆದರುತ್ತಾರೆ. ‘ಸರ್ಕಾರಕ್ಕೆ ಹೊರೆಯಾಗುವವರು’ ಎಂಬ ಹಣೆಪಟ್ಟಿ ಬಿದ್ದರೆ ಗ್ರೀನ್ ಕಾರ್ಡ್ ಕೈತಪ್ಪೀತೆಂಬ ಭಯ 2019ರ ನಿಯಮದಿಂದ ಬಲವಾಯಿತು. ಆ ಕಠಿಣ ನಿಯಮ ಕೂಡ ಗರ್ಭಿಣಿಯರು ಪಡೆದ ಮೆಡಿಕೇಡ್ ಅನ್ನು ಲೆಕ್ಕದಿಂದ ಹೊರಗಿಟ್ಟಿತ್ತೆಂಬುದು ಎಷ್ಟೋ ಜನರಿಗೆ ಗೊತ್ತಾಗಲೇ ಇಲ್ಲ. 2025ರಲ್ಲಿ ಮೆಡಿಕೇಡ್ ಫಲಾನುಭವಿಗಳ ವಿವರಗಳನ್ನು ವಲಸೆ ಅಧಿಕಾರಿಗಳಿಗೆ ಒದಗಿಸಿದ್ದು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಆ ಭಯಕ್ಕೆ ಹೊಸ ಕಾರಣ ಹುಟ್ಟಿದೆ. ಆದ್ದರಿಂದ ಅರ್ಹತೆಯನ್ನು ವಿಸ್ತರಿಸುವ ಯಾವುದೇ ಕಾನೂನು, ಅರ್ಜಿಯಲ್ಲಿ ಕೊಟ್ಟ ಮಾಹಿತಿಯನ್ನು ವಲಸೆಯ ಕ್ರಮಕ್ಕೆ ಬಳಸುವುದಿಲ್ಲವೆಂಬ ಖಾತರಿಯನ್ನೂ ಒಳಗೊಂಡಿರಬೇಕು.

ಐದು ವರ್ಷದ ನಿರ್ಬಂಧ ಗರ್ಭಿಣಿಯರಿಗೆ ಎಲ್ಲ ರಾಜ್ಯಗಳಲ್ಲೂ ತೊಲಗಬೇಕು. ಮೊದಲ ತಪಾಸಣೆಯಿಂದ ಹೆರಿಗೆಯ ನಂತರದ ಒಂದು ವರ್ಷದವರೆಗೆ ತಾಯಿಯನ್ನೇ ಫಲಾನುಭವಿಯಾಗಿ ಪರಿಗಣಿಸಬೇಕು. ಅಮೆರಿಕದ ಪೌರತ್ವ ಪಡೆದು ಮತದಾರರಾಗಿರುವ ಕನ್ನಡಿಗರು ತಮ್ಮ ರಾಜ್ಯದ ಶಾಸಕರಿಗೆ ಇದನ್ನು ಬರೆಯಬೇಕೆಂದು ಕೋರುತ್ತೇನೆ. ಇಲ್ಲಿನ ಕನ್ನಡ ಕೂಟಗಳು ಹಬ್ಬದ ಕಾರ್ಯಕ್ರಮಗಳ ನಡುವೆ ಅರ್ಧ ಗಂಟೆಯನ್ನು ಈ ಮಾಹಿತಿಗೆ ಮೀಸಲಿಟ್ಟು, ವಲಸೆ ಕಾನೂನು ಬಲ್ಲ ವಕೀಲರೊಬ್ಬರನ್ನು ಕರೆಸಿದರೆ, ಅರ್ಹತೆಯಿದ್ದೂ ಹೆದರಿ ಮನೆಯಲ್ಲೇ ಉಳಿದಿರುವ ಬಸುರಿಯರಿಗೆ ಕಾನೂನು ಬದಲಾಗುವುದಕ್ಕೆ ಮೊದಲೇ ದಾರಿ ಸಿಗುತ್ತದೆ.

ಇಂತಿ,
ತಮ್ಮ ಓದುಗಾರ್ತಿ,
ಡಲ್ಲಾಸ್, ಟೆಕ್ಸಾಸ್